ತಾರಸಿಗೆ ಯಾವ ಬಾರ್ಬೆಕ್ಯೂ ತರಲಿ? – ಅನುಭವ ಹಂಚಿಕೆ

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಸ್ವಂತ ಮನೆ, ಮೇಲೆ ತಾರಸಿ ಇದೆ. ಒಟ್ಟು ಆರು ಜನ, ಅತ್ತೆ ಮತ್ತು ನಾದಿನಿ ಮಾಂಸ ತಿನ್ನುವುದಿಲ್ಲ. ಅಂಗಡಿಯಲ್ಲಿ ಮಡಚಿಡುವ ತಗಡಿನ ಪೆಟ್ಟಿಗೆಯಿಂದ ಗ್ಯಾಸಿನ ದೊಡ್ಡ ಗ್ರಿಲ್‌ವರೆಗೆ ತೋರಿಸಿದರು, ತಲೆ ಕೆಟ್ಟುಹೋಯಿತು. ಕೆಂಡದ ಮೇಲೆ ಸುಡುವುದರ ಜೊತೆಗೆ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವುದನ್ನೂ ಕಲಿಯುವ ಆಸೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಮೇಡಂ, ಹೊಗೆಯ ಆಸೆ ಇದೆ ಎಂದಿರಲ್ಲ, ಹಾಗಾದರೆ ಮೊದಲು ನೋಡಬೇಕಾದ್ದು ಮುಚ್ಚಳ. ಮುಚ್ಚಳವಿಲ್ಲದ್ದು ಎಷ್ಟೇ ದುಬಾರಿಯಾದರೂ ಸಿಗಡಿಯೇ, ಅಂದರೆ ಬರೀ ಕೆಂಡದ ಒಲೆ. ಕಬಾಬಿಗೆ, ಜೋಳದ ತೆನೆಗೆ ಅದು ಧಾರಾಳ ಸಾಕು, ಇಡೀ ಕೋಳಿಗೆ ಸಾಲದು. ಮುಚ್ಚಳ ಬಿಗಿಯಾಗಿ ಕೂರಬೇಕು. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಇರಬೇಕು, ಎರಡನ್ನೂ ಬೇಕಾದಷ್ಟೇ ತೆರೆಯುವಂತಿರಬೇಕು. ಬೆಂಕಿಯ ಹತೋಟಿ ಇರುವುದು ಆ ಕಿಂಡಿಗಳಲ್ಲಿ. ಕೆಳಗಿನದನ್ನು ಅಗಲಿಸಿದರೆ ಕೆಂಡ ಕೆರಳುತ್ತದೆ, ಕಿರಿದು ಮಾಡಿದರೆ ಹದಕ್ಕೆ ಬರುತ್ತದೆ, ಎರಡನ್ನೂ ಮುಚ್ಚಿದರೆ ಆರುತ್ತದೆ. ಉಳಿದ ಇದ್ದಿಲು ಮುಂದಿನ ಸಲಕ್ಕೂ ಆಗುತ್ತದೆ.

ಅದಕ್ಕೇ ದುಂಡನೆಯ ಕೆಟಲ್ ಮಾದರಿಗೆ ನನ್ನ ಮತ. ಇದು ಹುಟ್ಟಿದ್ದೇ ಮುಚ್ಚಳದ ಅಗತ್ಯದಿಂದ. 1952ರಲ್ಲಿ ಶಿಕಾಗೋದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಲೋಹದ ಬೋಯ್ ಗೋಳವನ್ನು ಎರಡು ಹೋಳು ಮಾಡಿ, ಕೆಳಗಿನ ಹೋಳಿನಲ್ಲಿ ಬೆಂಕಿ ಹಾಕಿ ಮೇಲಿನದನ್ನು ಮುಚ್ಚಳ ಮಾಡಿಕೊಂಡರು. ಗಾಳಿಗೆ ಬೆಂಕಿ ಹಾರಬಾರದು, ಮಳೆಗೆ ಆರಬಾರದು ಎಂಬುದೇ ಅವರ ಚಿಂತೆ. ನಮ್ಮ ತಾರಸಿಗಳ ಚಿಂತೆಯೂ ಅದೇ ಅಲ್ಲವೇ? ಯಾವ ಕಂಪನಿಯದ್ದಾದರೂ ಸರಿ, ಆರು ಜನರಿಗೆ 57 ಸೆಂಟಿಮೀಟರ್ ಅಗಲದ್ದು ತೆಗೆದುಕೊಳ್ಳಿ. 47ರದ್ದರಲ್ಲಿ ಒಂದು ಬದಿ ಕೆಂಡ ಹಾಕಿ ಇನ್ನೊಂದು ಬದಿ ಖಾಲಿ ಬಿಡುವುದಕ್ಕೆ ಜಾಗ ಸಾಲುವುದಿಲ್ಲ.

ಆ ಖಾಲಿ ಬದಿಯಲ್ಲೇ ಅರ್ಧ ವಿದ್ಯೆ ಇದೆ. ಕೆಂಡವನ್ನೆಲ್ಲ ಒಂದು ಬದಿಗೆ ಒತ್ತರಿಸಿ. ಮಸಾಲೆ ಹಚ್ಚಿದ ಕೋಳಿ ಕಾಲನ್ನು ಮೊದಲು ಕೆಂಡವಿಲ್ಲದ ಬದಿಯಲ್ಲಿಟ್ಟು ಮುಚ್ಚಿ, ಒಳಗೆ ಬೆಂದ ಮೇಲೆ ಕೆಂಡದ ಮೇಲಕ್ಕೆ ತಂದು ತಿರುವಿ ತಿರುವಿ ಬಣ್ಣ ಬರಿಸಿ. ನಮ್ಮ ಮಸಾಲೆಯಲ್ಲಿ ಮೊಸರು, ಈರುಳ್ಳಿ, ಕೆಲವರ ಮನೆಯಲ್ಲಿ ಬೆಲ್ಲವೂ ಇರುತ್ತದೆ. ನೇರ ಕೆಂಡದ ಮೇಲಿಟ್ಟರೆ ಹೊರಗೆ ಕರಿ, ಒಳಗೆ ಹಸಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದರೆ ನೀರು ಎರಚಬೇಡಿ, ಬೂದಿ ಎದ್ದು ಊಟದ ಮೇಲೆ ಕೂರುತ್ತದೆ. ತುಂಡನ್ನು ಪಕ್ಕಕ್ಕೆ ಸರಿಸಿ ಮುಚ್ಚಿದರಾಯಿತು.

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಗ್ರಿಲ್ ಜೊತೆಗೇ ಕೊಳ್ಳಿ. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕಾಲು, ತೊಡೆಯನ್ನು 80 ದಾಟಿಸಿದರೆ ಇನ್ನೂ ಮೃದು. ನಾಟಿ ಕೋಳಿಯನ್ನು ಇದಕ್ಕೆ ತರಬೇಡಿ. ಅದರ ನಾರು ಗಟ್ಟಿ, ಅದಕ್ಕೆ ಸಾರೇ ಸರಿ.

ಹೊತ್ತಿಸಲು ಸೀಮೆಎಣ್ಣೆಯೂ ಬೇಡ, ಪೆಟ್ರೋಲಂತೂ ಬೇಡವೇ ಬೇಡ. ವಾಸನೆ ಊಟಕ್ಕೂ ಇಳಿಯುತ್ತದೆ, ಕೈಯೂ ಸುಡುತ್ತದೆ. ಚಿಮಣಿ ಸ್ಟಾರ್ಟರ್ ಎಂಬ ತಗಡಿನ ಕೊಳವೆ ಸಿಗುತ್ತದೆ. ಮೇಲೆ ಇದ್ದಿಲು ತುಂಬಿ ಕೆಳಗೆ ಹಳೇ ಪೇಪರ್ ಹೊತ್ತಿಸಿದರೆ 15–20 ನಿಮಿಷದಲ್ಲಿ ಕೆಂಡ ತಯಾರು. ಮೇಲಿನ ತುಂಡುಗಳಿಗೂ ಬೂದಿ ಬಣ್ಣ ಹತ್ತಿದ ಮೇಲೆ ಸುರಿಯಿರಿ. ಇದ್ದಿಲು ಎಲ್ಲಿ ಸಿಗುತ್ತದೆಂದು ನಿಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನು ಕೇಳಿ, ಇದ್ದಿಲಿನ ಪೆಟ್ಟಿಗೆ ಬಳಸುವವರಾದರೆ ಅವರಿಗೆ ಖಂಡಿತ ಗೊತ್ತಿರುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕರೆ ಬಿಡಬೇಡಿ, ಬಿಸಿ ಜಾಸ್ತಿ, ಹೊಗೆ ಕಡಿಮೆ.

ಇನ್ನು ಜಾಗ. ತಾರಸಿಗೆ ವಾಟರ್‌ಪ್ರೂಫ್ ಬಳಿದಿದ್ದರೆ ಕೆಳಗೆ ಕಲ್ಲು ಚಪ್ಪಡಿ ಹಾಕಿ. ಪ್ಲಾಸ್ಟಿಕ್ ನೀರಿನ ಟ್ಯಾಂಕ್, ಬಟ್ಟೆ ಒಣಗುವ ತಂತಿ ದೂರವಿರಲಿ. ಮಳೆ ಬಂತೆಂದು ಒಳಗೆ ಎಳೆದು ತರುವುದು ಮಾತ್ರ ಬೇಡ. ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಕಿಟಕಿ ತೆರೆದಿದ್ದರೂ ಸಾಲದು.

ಧಾರವಾಡದಿಂದ

ಅಕ್ಕಾರ, ಅತ್ತಿಯವರ ಸಲುವಾಗಿ ಎರಡು ಮಾತು. ಜಾಲರಿ ಬ್ಯಾರೆನ ಇಡ್ರಿ. ತೊಳದು ಅದರ ಮ್ಯಾಲೇ ಮಾಡಿದ್ರಾತು ಅನಬ್ಯಾಡ್ರಿ, ಹಿರಿಯರ ಮನಸ್ಸಿಗೆ ಸಮಾಧಾನ ಆಗೂದಿಲ್ಲ. ಆಗೋದಾದ್ರ ಒಂದು ಸಣ್ಣ ಸಿಗಡಿನ ತಂದು ಅವರಿಗೇ ಅಂತ ಬಿಟ್ಟುಬಿಡ್ರಿ. ಬದನಿಕಾಯಿಗೆ ಎಣ್ಣಿ ಸವರಿ ಕೆಂಡದ ಮ್ಯಾಲೆ ಇಟ್ಟು, ಸಿಪ್ಪಿ ಪೂರಾ ಕರ್ರಗಾಗೂ ತನಕ ಬಿಡ್ರಿ. ಮುಚ್ಚಿಟ್ಟು ಆರಿದ ಮ್ಯಾಲೆ ಸುಲದು ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಿಸಿದ್ರ ರೊಟ್ಟಿ ಜೋಡಿ ಭಾಳ ಚಲೋ. ಗೆಣಸು ಬೂದಿಯೊಳಗ ಹುಗದು ಬಿಡ್ರಿ. ನಮ್ಮ ಕಡೆ ಚಳಿಗಾಲಕ್ಕ ಎಳಿ ಜೋಳದ ತೆನಿ ಕುಳ್ಳಿನ ಕೆಂಡದಾಗ ಸುಟ್ಟು ಸೀತನಿ ತಿಂತೀವಿ, ಅದಕ್ಕೇನೂ ಕೊಳ್ಳೂದು ಬೇಕಾಗೂದಿಲ್ಲ. ಪನೀರ್ ದಪ್ಪ ಹೋಳು ಇರಲಿ, ತೆಳ್ಳಗಿದ್ರ ಸಲಾಕಿಯಿಂದ ಕೆಂಡಕ್ಕ ಬೀಳತದ.

ಮಡಿಕೇರಿಯಿಂದ

ಹೊಗೆಯ ಬಗ್ಗೆ ನಾನು ಹೇಳುತ್ತೇನೆ. ಹಿಂದೆ ನಮ್ಮಲ್ಲಿ ಹಂದಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲೇ ಒಣಗಿಸುತ್ತಿದ್ದರು. ಅದು ಉಪ್ಪು ಹಚ್ಚಿ ಕೂಡಿಡುವ ಕ್ರಮ, ನೀವು ಕೇಳುತ್ತಿರುವುದು ಹೊಗೆಯ ಶಾಖದಲ್ಲೇ ಬೇಯಿಸುವುದು. ಎರಡನ್ನೂ ಬೆರೆಸಬೇಡಿ. ಹಸಿ ಮಾಂಸ ಉಗುರುಬೆಚ್ಚಗೆ ಗಂಟೆಗಟ್ಟಲೆ ಇರಕೂಡದು. ಒಳಗಿನ ಗಾಳಿ 110ರಿಂದ 120 ಡಿಗ್ರಿಯಲ್ಲಿ ನಿಲ್ಲಬೇಕು.

ಕೆಟಲಿನಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ಒಂದೇ ಅಳತೆಯ ಇದ್ದಿಲು ಬಿಲ್ಲೆಗಳನ್ನು ಅಂಚಿನುದ್ದಕ್ಕೂ ಅರ್ಧ ಸುತ್ತು ಎರಡೆರಡಾಗಿ ಜೋಡಿಸಿ, ಮೇಲೆ ಇನ್ನೊಂದು ಸಾಲು. ಅಲ್ಲಲ್ಲಿ ಕಟ್ಟಿಗೆ ಚೂರು ಇಟ್ಟು ಒಂದು ತುದಿಗೆ ಮಾತ್ರ ನಾಲ್ಕಾರು ಕೆಂಡ ಹಾಕಿ. ಬೆಂಕಿ ಊದುಬತ್ತಿಯ ಹಾಗೆ ತುದಿಯಿಂದ ತುದಿಗೆ ಹರಿಯುತ್ತ ಗಂಟೆಗಟ್ಟಲೆ ಒಂದೇ ಹದದಲ್ಲಿರುತ್ತದೆ. ಖಾಲಿ ಬದಿಯಲ್ಲಿ ಒಂದು ತಟ್ಟೆ ನೀರಿಡಿ. ಮಾಂಸ ಅದರ ಮೇಲೆ, ಮುಚ್ಚಳದ ಕಿಂಡಿ ಮಾಂಸದ ಬದಿಗೆ ಬರಲಿ, ಆಗ ಹೊಗೆ ಮಾಂಸವನ್ನು ಸವರಿಕೊಂಡೇ ಹೊರಹೋಗುತ್ತದೆ.

ಕಟ್ಟಿಗೆಗೆ ಸೀಬೆ, ಕಾಫಿ ಗಿಡದ ಬೊಡ್ಡೆ, ಹುಣಸೆ ಚೆನ್ನ. ಪೂರ್ತಿ ಒಣಗಿರಬೇಕು. ನೀರಲ್ಲಿ ನೆನೆಸಿ ಹಾಕಿ ಎನ್ನುವವರಿದ್ದಾರೆ, ಅದರಿಂದ ಬರುವುದು ಮೊದಲು ಆವಿ, ಆಮೇಲೆ ಹೊಗೆ, ಲಾಭವೇನಿಲ್ಲ. ನೀಲಗಿರಿ, ಪೈನ್, ಪ್ಲೈವುಡ್, ಬಣ್ಣ ಬಳಿದ ಮರ ಬೇಡ. ಗೇರು ಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆ ಚರ್ಮ ಸುಡುವಂಥದ್ದು. ಬೇಲಿಯ ಕಣಗಿಲೆಯನ್ನಂತೂ ಸಲಾಕೆಗೂ ಮುಟ್ಟಬೇಡಿ, ಗಿಡವೆಲ್ಲ ವಿಷ. ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿದ್ದರೆ ಒಳ್ಳೆಯದು. ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ. ಗಾಳಿ ಕೊಡಿ, ತಿಳಿಯಾಗುವವರೆಗೆ ಮಾಂಸ ಇಡಬೇಡಿ.

ಹಂದಿಯ ಭುಜದ ತುಂಡು ಎರಡು ಕೆಜಿಯದ್ದಾದರೆ ಏಳೆಂಟು ಗಂಟೆ ಎಂದುಕೊಳ್ಳಿ. 70 ಡಿಗ್ರಿಯ ಆಸುಪಾಸಿನಲ್ಲಿ ಥರ್ಮಾಮೀಟರಿನ ಮುಳ್ಳು ಎಷ್ಟೋ ಹೊತ್ತು ಅಲ್ಲೇ ನಿಂತುಬಿಡುತ್ತದೆ. ಬೆಂಕಿ ಸತ್ತಿತೆಂದು ಇನ್ನಷ್ಟು ಇದ್ದಿಲು ಸುರಿಯಬೇಡಿ. ಮಾಂಸದ ನೀರು ಆವಿಯಾಗುತ್ತ ಅದನ್ನೇ ತಣಿಸುತ್ತಿರುತ್ತದೆ, ಅಷ್ಟೆ. ಕಾಯಿರಿ, ಇಲ್ಲವೇ ಫಾಯಿಲ್‌ನಲ್ಲಿ ಸುತ್ತಿ. 93–95ಕ್ಕೆ ಬಂದಾಗ ಬೆರಳಲ್ಲೇ ಎಳೆ ಬಿಡಿಸಬಹುದು. ಆಗ ಕರಿಮೆಣಸಿನ ಪುಡಿ, ಸ್ವಲ್ಪ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬೆರೆಸಿ ನೋಡಿ. ಮೊದಲ ಸಲ ಹಂದಿ ಬೇಡ, ಕೋಳಿಯಿಂದ ಶುರು ಮಾಡಿ.

ಮತ್ತೆ ಮೈಸೂರಿನಿಂದ

ತುಂಬಾ ಉಪಕಾರ. ಮುಚ್ಚಳದ 57ರದ್ದನ್ನೇ ನೋಡುತ್ತೇನೆ, ಅತ್ತೆಗೆ ಸಿಗಡಿಯೂ ಬರುತ್ತದೆ. ಒಂದೇ ಸಂಶಯ: ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಏನು ಮಾಡುವುದು? ಮೀನು ಜಾಲರಿಗೆ ಅಂಟುವುದೂ ಹೌದಾ?

ಮಂಗಳೂರಿನಿಂದ

ತುಕ್ಕಿನ ಕಷ್ಟ ನಮ್ಮಷ್ಟು ಯಾರಿಗೂ ಇಲ್ಲ ಮಾರಾಯ್ರೇ, ಕಡಲ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಕೆಟಲಿನ ಹೊರಮೈಗೆ ಎನಾಮಲ್ ಇರುವುದನ್ನೇ ತೆಗೆದುಕೊಳ್ಳಿ, ಜಾಲರಿ ಸ್ಟೀಲಿನದ್ದಾದರೆ ಒಳ್ಳೆಯದು. ಬೂದಿಯನ್ನು ಒಳಗೆ ಬಿಡಬೇಡಿ, ಅದು ತೇವ ಎಳೆದುಕೊಂಡು ತಳ ತಿನ್ನುತ್ತದೆ. ಆದರೆ ಅದೇ ರಾತ್ರಿ ತೆಗೆಯುವ ಅವಸರವೂ ಬೇಡ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವಂತ ಇರುತ್ತದೆ. ಪೂರ್ತಿ ಆರಿದ ಮೇಲೆ ಕಬ್ಬಿಣದ ಬಕೆಟ್ಟಿಗೆ ಸುರಿಯಿರಿ, ಪ್ಲಾಸ್ಟಿಕ್ ಬುಟ್ಟಿಗಲ್ಲ. ಜಾಲರಿಯನ್ನು ಬಿಸಿ ಇರುವಾಗಲೇ ಉಜ್ಜಿ ತೆಳ್ಳಗೆ ಎಣ್ಣೆ ಸವರಿ. ಇದ್ದಿಲು ಮುಚ್ಚಳದ ಡಬ್ಬದಲ್ಲಿರಲಿ, ತೇವ ಹಿಡಿದರೆ ಹೊತ್ತುವುದೇ ಇಲ್ಲ.

ಮೀನು ಅಂಟುವುದು ಜಾಲರಿ ತಣ್ಣಗಿದ್ದಾಗ. ಚೆನ್ನಾಗಿ ಕಾಯಿಸಿ, ಎಣ್ಣೆಯನ್ನು ಮೀನಿಗೇ ಸವರಿ ಇಡಿ. ಒಂದು ಮಗ್ಗುಲು ಬೆಂದರೆ ಅದಾಗಿಯೇ ಬಿಡುತ್ತದೆ, ಬಿಡದಿದ್ದರೆ ಇನ್ನೂ ಬೆಂದಿಲ್ಲ ಎಂದರ್ಥ, ಕೆರೆಯಬೇಡಿ. ಬಂಗುಡೆಗೆ ಇಷ್ಟೂ ಬೇಡ. ಸೀಳು ಹಾಕಿ ಮಸಾಲೆ ತುಂಬಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಕೆಂಡದ ಅಂಚಿಗಿಡಿ. ಎಲೆ ಕಂದಿ ಅಂಚು ಕರಿಯಾಗುವಷ್ಟರಲ್ಲಿ ಮಗುಚಿ ಇನ್ನೊಂದು ಬದಿಯನ್ನೂ ಅಷ್ಟೇ ಸುಡಿ. ಬಿಚ್ಚಿ ನೋಡಿದಾಗ ಮಾಂಸ ಮುಳ್ಳಿನಿಂದ ಸಲೀಸಾಗಿ ಬಿಟ್ಟುಬಂದರೆ ಇಳಿಸಿ.