ಬೀಟೆ ಬಾಗಿಲಿನ ಕೆಳಗಿನ ತಂತಿ

ಅಜ್ಜಿ ಹಾಡಿದ ಸೋಬಾನೆ ಪದಗಳ ವಿಡಿಯೊಗಳು ಮೂಡಿಗೆರೆ ಕಡೆಯ ನಮ್ಮ ಹಳೇ ಮನೆಯ ಕಂಪ್ಯೂಟರಿನಲ್ಲಿವೆ, ಒಟ್ಟು 62 ಜಿಬಿ. ಅವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಎಲ್ಲರಿಗೂ ಹಂಚುತ್ತೇನೆಂದು ಚಿಕ್ಕಪ್ಪ ಹೇಳುತ್ತಲೇ ಇದ್ದರು. ಭಾನುವಾರ ರಾತ್ರಿ ಮನೆಯವರ ‘ಹಳೇಮನೆ ಬಳಗ’ ಗುಂಪಿಗೆ ವಿಡಿಯೊ ಬರಲಿಲ್ಲ, ಈ ಸಂದೇಶ ಬಂತು. ಮುಂದೆ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಇಂಥದ್ದೇ ಸಂದೇಶ ನಿಮ್ಮ ಮನೆಯ ಗುಂಪಿಗೂ ಬಂದಿರಬಹುದು.

ಚಿಕ್ಕಪ್ಪ: *ಎಚ್ಚರ!! ಮನೆಯೊಳಗೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ನಿಧಾನವಾಗಿ ಹೋಗುತ್ತಿದೆಯೇ? ಅರ್ಧಕ್ಕೆ ನಿಲ್ಲುತ್ತಿದೆಯೇ? ಇಂಟರ್ನೆಟ್ ಕಂಪನಿ ನಿಮ್ಮ ವೇಗವನ್ನು ಕದಿಯುತ್ತಿದೆ! ಕೂಡಲೇ ದೊಡ್ಡ ಪ್ಲಾನ್ ಹಾಕಿಸಿ. ರೂಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ. ಹತ್ತು ಜನರಿಗೆ ಕಳುಹಿಸಿ.*

ಚಿಕ್ಕಪ್ಪ: ನಾನು ಅಂದುಕೊಂಡಿದ್ದೇ ಸರಿ. ನಾಳೆಯೇ ಪ್ಲಾನ್ ಬದಲಾಯಿಸುತ್ತೇನೆ.

ಅಕ್ಕ: ಇದನ್ನು ಬರೆದವರು ಯಾರು? ಎರಡು ಬಾಣದ ಗುರುತು ಇದೆ, ಎಷ್ಟೋ ಕೈ ದಾಟಿ ಬಂದಿದೆ. ಮೂಲ ಯಾವುದು ಚಿಕ್ಕಪ್ಪ?

ಚಿಕ್ಕಪ್ಪ: ಓದಿದವರೇ ಕಳುಹಿಸಿದ್ದಾರೆ.

ಅಕ್ಕ: ಕಳೆದ ವರ್ಷ ಕಾಫಿ ಬೆಲೆಯ ಸುಳ್ಳು ಸುದ್ದಿಯನ್ನೂ ಓದಿದವರೇ ಕಳುಹಿಸಿದ್ದರು.

ದೊಡ್ಡಪ್ಪ: ನಾವು ಒಂದು ಕಾಗದ ಹಾಕಿ ಉತ್ತರಕ್ಕೆ ಹದಿನೈದು ದಿನ ಕಾಯುತ್ತಿದ್ದೆವು. ಈಗ ಹದಿನೈದು ನಿಮಿಷದ ತಾಳ್ಮೆಯೂ ಯಾರಿಗೂ ಇಲ್ಲ.

ಅತ್ತೆ: ಅಣ್ಣ, ನಾನು ಮೂರು ವರ್ಷದಿಂದ ತಾಳ್ಮೆಯಿಂದಲೇ ಇದ್ದೇನೆ. ಅಮ್ಮನ ಹಾಡು ನನಗಿನ್ನೂ ಬಂದಿಲ್ಲ. ಅಪ್ಪನ ಆಲ್ಬಮ್ ವಿಚಾರದಲ್ಲೂ ಹೀಗೆಯೇ ಆಯಿತು.

ಭಾವ: ಆ ಮನೆಯ ಫೋನ್ ನೆನಪಿದೆಯೇ? ಅಜ್ಜ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಆರಿದ್ರಾ ಮಳೆಗೆ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಲೈನ್‌ಮ್ಯಾನ್ ಕಂಬಳಿ ಹೊದ್ದು ಬರುವ ತನಕ ಇಡೀ ಊರಿಗೇ ಮೌನ.

ಅತ್ತೆ: ಆಲ್ಬಮ್ ಮಾತು ಬಂದಾಗಲೆಲ್ಲ ಯಾರಾದರೂ ಮಳೆಯ ಸುದ್ದಿ ತೆಗೆಯುತ್ತೀರಿ.

ನಾನು: ಚಿಕ್ಕಪ್ಪ, ದಯವಿಟ್ಟು ಪ್ಲಾನ್‌ಗೆ ದುಡ್ಡು ಕಟ್ಟಬೇಡಿ. ಕಂಪ್ಯೂಟರಿನಿಂದ ಲ್ಯಾಪ್‌ಟಾಪಿಗೆ ಹೋಗುವ ಫೈಲ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ರೂಟರ್ ತನಕ ಹೋಗಿ ಅಲ್ಲಿಂದಲೇ ತಿರುಗುತ್ತದೆ. ಹೊರಗಿನಿಂದ ರೂಟರ್‌ಗೆ ಬರುವ ಇಂಟರ್ನೆಟ್ ತಂತಿಯನ್ನು ಬಿಚ್ಚಿ, ರೂಟರ್ ಆಫ್ ಮಾಡದೆ, ಮತ್ತೆ ನಕಲು ಮಾಡಿ ನೋಡಿ.

ದೊಡ್ಡಪ್ಪ: ಹಿರಿಯರು ಹೇಳಿದ್ದನ್ನು ಹೀಗೆ ಎಲ್ಲರ ಮುಂದೆ ತಳ್ಳಿಹಾಕಬಾರದು.

ಅಕ್ಕ: ಹೇಳಿದ್ದು ಹಿರಿಯರಲ್ಲ ದೊಡ್ಡಪ್ಪ, ಹೆಸರಿಲ್ಲದ ಒಂದು ಫಾರ್ವರ್ಡ್.

(ಇದಾದ ಮೇಲೆ ಇಪ್ಪತ್ತು ಸಂದೇಶ ಹೋದದ್ದು ಯಾರು ಯಾರಿಗೆ ಎದುರು ಮಾತನಾಡಿದರು ಎಂಬುದಕ್ಕೇ. ಅದನ್ನು ಬಿಟ್ಟಿದ್ದೇನೆ.)

ಚಿಕ್ಕಪ್ಪ: ಬಿಚ್ಚಿ ನೋಡಿದೆ. ಇಂಟರ್ನೆಟ್ ಇಲ್ಲದೆಯೂ ಮೊದಲಿನಷ್ಟೇ ವೇಗ, ಸೆಕೆಂಡಿಗೆ 11.2 ಎಂಬಿ. ವೈಫೈ ಅಲ್ಲ, ಎರಡಕ್ಕೂ ತಂತಿಯನ್ನೇ ಹಾಕಿದ್ದೇನೆ.

ನಾನು: ಆ 11ರಲ್ಲೇ ಉತ್ತರವಿದೆ. ತಂತಿಯ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ, ಎಂಟು ಬಿಟ್‌ಗೆ ಒಂದು ಬೈಟಿನಂತೆ 8ರಿಂದ ಭಾಗಿಸಿದಾಗ 12.5 ಮೆಗಾಬೈಟ್, ಅದರಲ್ಲಿ ಕೈಗೆ ಸಿಗುವುದು 11 ಚಿಲ್ಲರೆ. ನಿಮ್ಮ ರೂಟರ್, ಕಂಪ್ಯೂಟರ್, ಲ್ಯಾಪ್‌ಟಾಪ್ ಮೂರೂ ಗಿಗಾಬಿಟ್‌ನವು, ಅಂದರೆ 1000 ಮೆಗಾಬಿಟ್‌ನವು, 110ರ ಆಸುಪಾಸು ಬರಬೇಕು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ (ತಂತಿಯ ಸಂಪರ್ಕದ ವೇಗ) ನೋಡಿ, 100 ಎಂದಿದ್ದರೆ ತಂತಿಯನ್ನು ಅನುಮಾನಿಸಿ. ಅದರೊಳಗೆ ನಾಲ್ಕು ಜೋಡಿ ಎಳೆಗಳಿವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಹಾಗಾಗಿ ಒಂದು ಎಳೆ ತುಂಡಾದರೂ ಎಷ್ಟೋ ಸಲ ಸಂಪರ್ಕ ಪೂರ್ತಿ ಹೋಗುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ.

ಚಿಕ್ಕಪ್ಪ: ಕಂಪ್ಯೂಟರಿನಲ್ಲಿ 100 ಎಂದೇ ಇದೆ. ಲ್ಯಾಪ್‌ಟಾಪಿನಲ್ಲಿ 1000. ಅರ್ಧಕ್ಕೆ ನಿಲ್ಲುವುದು ಯಾಕೆ ಹಾಗಾದರೆ?

ನಾನು: ಈ ವೇಗದಲ್ಲಿ 62 ಜಿಬಿಗೆ ಒಂದೂವರೆ ಗಂಟೆ ಬೇಕು. ನೀವು ಊಟಕ್ಕೆ ಎದ್ದು ಹೋದಾಗ ಲ್ಯಾಪ್‌ಟಾಪ್ ನಿದ್ರೆಗೆ ಜಾರುತ್ತಿರಬಹುದು. ನಕಲು ಮುಗಿಯುವ ತನಕ ಸ್ಲೀಪ್ ಆಫ್ ಮಾಡಿಡಿ. ಆಮೇಲೆ ಪೆನ್‌ಡ್ರೈವಿಗೆ ಹಾಕುವಾಗ ಅದು ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನದಾಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲನ್ನು ಹಿಡಿಸಿಕೊಳ್ಳುವುದಿಲ್ಲ. ಹಾಳೆಯಂತೂ ಬೇಡ, ತಂತಿಯಲ್ಲಿ ಹೋಗುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಭಾವ: ಕಂಪ್ಯೂಟರಿನ ತಂತಿಯನ್ನು ಎಳೆದದ್ದು ನಾನೇ. ಚೌಕಟ್ಟಿಗೆ ತೂತು ಕೊರೆದು ಒಳಗೆ ತರುತ್ತಿದ್ದೆ. ಬೇಡವೆಂದವರು ದೊಡ್ಡ ಮಾವ.

ದೊಡ್ಡಪ್ಪ: ಅದು ಅಪ್ಪ ಹಾಕಿಸಿದ ಬೀಟೆ ಬಾಗಿಲು. ಅದಕ್ಕೆ ಡ್ರಿಲ್ ಹಾಕಲು ನಾನು ಇರುವ ತನಕ ಬಿಡುವುದಿಲ್ಲ.

ಅತ್ತೆ: ಬಾಗಿಲಿನ ಮೇಲೆ ಇಷ್ಟು ಪ್ರೀತಿ. ಆಲ್ಬಮ್ ಮಾತ್ರ ಯಾರ ಬೀರುವಿನಲ್ಲಿದೆಯೋ.

ಚಿಕ್ಕಪ್ಪ ಒಂದು ಫೋಟೊ ಹಾಕಿದರು. ಹೊಸ್ತಿಲಿನ ಮೇಲೆ, ಬಾಗಿಲು ಉಜ್ಜುವ ಜಾಗದಲ್ಲಿ, ತಂತಿ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಬೂದು ಬಣ್ಣದ ಹೊದಿಕೆ ಸೀಳಿ, ನೀಲಿ ಎಳೆಯೊಂದು ತುಂಡಾಗಿ ತಾಮ್ರ ಕೂದಲಿನಂತೆ ಹೊರಗೆ ನಿಂತಿತ್ತು. 100ರ ವೇಗಕ್ಕೆ ಬೇಕಿಲ್ಲದ ಎರಡು ಜೋಡಿಗಳಲ್ಲಿ ನೀಲಿಯೂ ಒಂದು. ಹಾಗಾಗಿಯೇ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಪಾಪ, ಚಿಕ್ಕಪ್ಪ ಎರಡು ವಾರ ಆ ಬಾಗಿಲನ್ನೇ ತೆಗೆದು ಮುಚ್ಚಿ ಓಡಾಡಿದ್ದರು.

ಸೋಮವಾರ ಸಂಜೆ:

ಚಿಕ್ಕಪ್ಪ: ಹೊಸ ತಂತಿಯನ್ನು ಗವಾಕ್ಷಿಯಿಂದ ತಂದೆ. ಬಾಗಿಲು ಮುಟ್ಟಿಲ್ಲ ಅಣ್ಣ. 108 ತೋರಿಸುತ್ತಿದೆ, ಹತ್ತೇ ನಿಮಿಷಕ್ಕೆ ಮುಗಿಯಿತು. ಒಂದು ಹಾಡು ಹಾಕುತ್ತಿದ್ದೇನೆ.

ಅಕ್ಕ: ನಿನ್ನೆಯ ಫಾರ್ವರ್ಡ್ ಅಳಿಸಿ ಚಿಕ್ಕಪ್ಪ.

ಚಿಕ್ಕಪ್ಪ: ಅಳಿಸಿದೆ. ಕಳುಹಿಸಿದವರಿಗೂ ಹೇಳಿದೆ.

ಅತ್ತೆ: ಹಾಡು ಬಂತು. ಅಮ್ಮನ ಹಿಂದೆ ಕೆಮ್ಮುತ್ತಿರುವುದು ಅಪ್ಪ.

ದೊಡ್ಡಪ್ಪ: ನನ್ನ ಫೋನಿನಲ್ಲಿ ತೆರೆಯುತ್ತಿಲ್ಲ. ಇನ್ನೊಮ್ಮೆ ಕಳುಹಿಸು.