ಮಂಗಳೂರು–ಉಡುಪಿ ಕಡೆ ಕುಂಬಾರಿಕೆ ಕಲಿಯುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಕದ್ರಿಯಿಂದ:
ಮಡಕೆ ಮಾಡಲಿಕ್ಕೆ ಕಲಿಯಬೇಕು ಅಂತ ತುಂಬಾ ಸಮಯದಿಂದ ಆಸೆ ಉಂಟು. ಆಫೀಸ್ ಕೆಲಸ, ಶನಿವಾರ ಭಾನುವಾರ ಮಾತ್ರ ಬಿಡುವು. ಆನ್‌ಲೈನಲ್ಲಿ ಕರೆಂಟಿನ ಸಣ್ಣ ಚಕ್ರ ನೋಡಿ ಇಟ್ಟಿದ್ದೇನೆ, ತಗೊಳ್ಳಬಹುದಾ? ಮಳೆಗಾಲದಲ್ಲಿ ಹೇಗೂ ಮನೆಯಲ್ಲೇ, ಆಗ ಕೂತು ಕಲಿಯುವ ಅಂತ ಅಂದಾಜು.

ಸುರತ್ಕಲ್‌ನಿಂದ:
ಚಕ್ರ ಈಗಲೇ ಬೇಡ ಮಾರಾಯ್ರೆ. ಮೊದಲು ವಿಚಾರಿಸಬೇಕಾದ್ದು ಸುಡುವುದು ಎಲ್ಲಿ ಅಂತ. ಬರೀ ಒಣಗಿಸಿದ ಮಡಕೆಗೆ ನೀರು ಹಾಕಿದರೆ ಅದು ಮತ್ತೆ ಮಣ್ಣೇ. ಕೆಂಪು ಮಣ್ಣಿನ ಪಾತ್ರೆ ಸರಿಯಾಗಿ ಸುಡಲಿಕ್ಕೆ ಸುಮಾರು 900 ಡಿಗ್ರಿ ಬೇಕು, ಕೇಕ್ ಮಾಡುವ ಓವನ್ 250ರ ಹತ್ತಿರ ನಿಂತುಬಿಡುತ್ತದೆ. ಹಾಗಾಗಿ ನಿಮ್ಮ ನಾಲ್ಕು ಬಟ್ಟಲನ್ನು ತಮ್ಮ ಆವೆಯಲ್ಲಿ (ಮಡಕೆ ಸುಡುವ ಗೂಡು) ಇಟ್ಟು ಸುಟ್ಟು ಕೊಡುವವರು ಸಿಕ್ಕಿದ ಮೇಲೆ ಉಳಿದದ್ದು. ತರಗತಿ ನಡೆಸುವವರ ಹತ್ತಿರವೂ ಇದನ್ನೇ ಮೊದಲು ಕೇಳಿ. ಸುಡುವುದು ಫೀಸಿನಲ್ಲಿ ಸೇರಿದೆಯಾ, ಬೇರೆಯಾ ಅಂತ.

ಶುರು ಮಾಡುವುದು ಬರೀ ಕೈಯಲ್ಲಿ. ಮುಷ್ಟಿಯಷ್ಟು ಮಣ್ಣು ತಗೊಂಡು ನಡುವೆ ಹೆಬ್ಬೆರಳು ಇಳಿಸಿ, ತಿರುಗಿಸುತ್ತಾ ಒತ್ತುತ್ತಾ ಹೋದರೆ ಒಂದು ಬಟ್ಟಲು ಆಗುತ್ತದೆ. ಅದನ್ನು ನೂಲಿನಿಂದ ನಡುವೆ ಕತ್ತರಿಸಿ ನೋಡಿ. ಬಾಯಿ ಹತ್ತಿರ ತೆಳು, ತಳದಲ್ಲಿ ಇಟ್ಟಿಗೆ ದಪ್ಪ, ಎಲ್ಲರದ್ದೂ ಹೀಗೇ ಇರುತ್ತದೆ. ಕತ್ತರಿಸಲಿಕ್ಕೆ ಮನಸ್ಸು ಬರುವುದಿಲ್ಲ, ಆದರೂ ಕತ್ತರಿಸಿ. ದಪ್ಪ ಎಷ್ಟಿದೆ ಅಂತ ಬೆರಳಿಗೆ ಗೊತ್ತಾಗಲಿಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಚಕ್ರಕ್ಕೆ ಕೂತಾಗ ಮಣ್ಣನ್ನು ನಡುವಿಗೆ ತರುವುದೇ ದೊಡ್ಡ ಕೆಲಸ. ತೋಳಿನ ಬಲ ಬೇಡ. ಮೊಣಕೈಯನ್ನು ತೊಡೆಗೆ ಊರಿ, ಅಂಗೈಯ ಬುಡದಿಂದ ತಳ್ಳಿ ಅಲ್ಲೇ ಹಿಡಿಯಿರಿ. ಒಮ್ಮೆ ಕಣ್ಣು ಮುಚ್ಚಿ ನೋಡಿ, ಮಣ್ಣು ಅಂಗೈಗೆ ಬಂದು ಬಂದು ಬಡಿಯುವುದು ನಿಂತರೆ ನಡುವಿಗೆ ಬಂತು ಅಂತ ಲೆಕ್ಕ. ಕೈ ತೆಗೆಯುವಾಗ ನಿಧಾನ, ಪಕ್ಕ ಎಳೆದರೆ ಎಲ್ಲ ಹೋಯ್ತು. ನೀರು ಜಾಸ್ತಿ ಸುರಿದರೆ ಗೋಡೆ ಕುಸಿಯುತ್ತದೆ.

ಉಡುಪಿ ಕಡೆಯಿಂದ, ಮನೆಯಲ್ಲಿ ಹಿರಿಯರು ಇದೇ ಕಸುಬು ಮಾಡಿದವರು:
ಮೇಲಿನವರು ಹೇಳಿದ್ದು ಸರಿ. ಆದರೆ ಮಳೆಗಾಲದ ವಿಷಯ ಯಾರೂ ಹೇಳಲಿಲ್ಲ ಅಲ್ವಾ? ನಮ್ಮ ಊರಿನ ಜೂನ್–ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಣ್ಣು ಒಣಗುತ್ತದಾ? ಮೇಲಿಂದ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೀರು ಇರುತ್ತದೆ. ಸುಡುವಾಗ 100 ಡಿಗ್ರಿ ದಾಟಿದ ಕೂಡಲೇ ಅದು ಹಬೆಯಾಗಿ ಪಾತ್ರೆಯನ್ನು ಒಡೆದು ಹಾಕುತ್ತದೆ, ಪಕ್ಕದ್ದಕ್ಕೂ ಪೆಟ್ಟು. ಗಾಳಿಗುಳ್ಳೆಯಿಂದ ಒಡೆಯಿತು ಅಂತ ಎಲ್ಲರೂ ಹೇಳುತ್ತಾರೆ, ಹೆಚ್ಚಿನ ಸಲ ಕಾರಣ ಈ ನೀರೇ. ಪಾತ್ರೆಯನ್ನು ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಕಾಯಬೇಕು.

ಫ್ಯಾನಿನ ಕೆಳಗೆ ಇಟ್ಟು ಅವಸರ ಮಾಡುವುದೂ ಬೇಡ. ಬಾಯಿ ಮೊದಲು ಒಣಗಿ ಕುಗ್ಗುತ್ತದೆ, ತಳ ಹಸಿ ಇರುತ್ತದೆ, ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಸಡಿಲವಾಗಿ ಮುಚ್ಚಿ, ಅಂಚು ಗಟ್ಟಿಯಾದ ಮೇಲೆ ಕವುಚಿ ಇಡಿ. ಪಾತ್ರೆಗೆ ಹಿಡಿ ಅಂಟಿಸುವುದಿದ್ದರೆ ಪಾತ್ರೆ, ಹಿಡಿ ಎರಡೂ ಅರ್ಧ ಒಣಗಿರುವಾಗಲೇ, ಎರಡೂ ಕಡೆ ಗೀರಿ, ಮಣ್ಣಿನ ಗಂಜಿ ಹಚ್ಚಿ.

ಹಳ್ಳಿಯ ಆವೆ ಬಯಲಿನಲ್ಲಿ ಇರುವುದು, ಮಳೆ ಬಿಟ್ಟ ಮೇಲೆಯೇ ಕೆಲಸ. ಆಗ ಹೋಗಿ ನೋಡಿ, ದೊಡ್ಡ ಮಡಕೆ ಪೂರ್ತಿ ಚಕ್ರದಲ್ಲಿ ಆಗುವುದೇ ಇಲ್ಲ. ಒಳಗೆ ಕಲ್ಲು ಹಿಡಿದು ಹೊರಗಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸುತ್ತಾರೆ. ಹತ್ತಿರದಲ್ಲಿ ನೋಡಬೇಕಾದರೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮದ ಕುಶಲಕರ್ಮಿಗಳ ಗ್ರಾಮಕ್ಕೆ ಹೋಗಿ.

ಬೋಳಾರದಿಂದ:
ಮಣ್ಣು ಎಲ್ಲಿಂದ ಅಂತ ಕೇಳಲೇ ಇಲ್ಲ ನೀವು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ ನೇತ್ರಾವತಿ, ಗುರುಪುರ ಹೊಳೆ ಬದಿಯ ಮಣ್ಣು ನಂಬಿ. ಹಾಗಂತ ಗದ್ದೆಯಿಂದ ಅಗೆದು ತಂದರೆ ನೆನೆಸಿ, ಸೋಸಿ, ಕಲ್ಲು ಬೇರು ತೆಗೆದು, ಹದಕ್ಕೆ ಬರುವವರೆಗೆ ಕಾಯಬೇಕು. ಹೊಸಬರಿಗೆ ತಯಾರು ಮಣ್ಣೇ ಸಾಕು.

ಮತ್ತೆ ನೀರು ಹೀರದಂಥ ಗಟ್ಟಿ ಊಟದ ತಟ್ಟೆ, ಚಹಾದ ಕಪ್ ಮಾಡುವ ಆಸೆ ಇದ್ದರೆ ಅದಕ್ಕೆ ಮಣ್ಣೂ ಬೇರೆ, 1200 ಡಿಗ್ರಿ ದಾಟುವ ಆವೆಯೂ ಬೇಕು. ಹೊಳಪಿಗೆ ಹಚ್ಚುವುದರಲ್ಲಿ ಸೀಸ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೀನು ಸಾರಿನ ಬಿಸಲೆಗೆ (ಅಡುಗೆಯ ಮಣ್ಣಿನ ಪಾತ್ರೆ) ಇದ್ಯಾವುದೂ ಬೇಡ, ಗಂಜಿ ತಿಳಿ ಕುದಿಸಿ ಪಳಗಿಸಿದರೆ ಆಯ್ತು.

ಸುರತ್ಕಲ್‌ನಿಂದ, ಪುನಃ:
ಒಂದು ಬಿಟ್ಟುಹೋಯ್ತು. ಕೈ ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಪೈಪು ಕಟ್ಟುತ್ತದೆ. ಬಕೆಟಿನಲ್ಲಿ ತೊಳೆದು ರಾತ್ರಿ ಇಡಿ, ಮೇಲಿನ ತಿಳಿ ಗಿಡಕ್ಕೆ, ಅಡಿಯಲ್ಲಿ ಕೂತ ಮಣ್ಣು ಮುಂದಿನ ಬಟ್ಟಲಿಗೆ. ನೆಲ ಗುಡಿಸುವುದೂ ಬೇಡ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ಉಗುರು ಮೊದಲೇ ಕತ್ತರಿಸಿಕೊಂಡು ಹೋಗಿ.