ಕಡಲ ಜೀವಶಾಸ್ತ್ರ: ಓದಿದವರು ಅನುಭವ ಹೇಳಿ

ಶಿರಸಿಯ ತಾಯಿ: ಮಗಳ ಬಿ.ಎಸ್ಸಿ. ಮುಗಿಯಿತು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳಿಗೆ ಈಜು ಬಾರದು. ಅವಳ ಅಪ್ಪನಿಗೆ ಬಿ.ಎಡ್. ಮಾಡಿಸುವ ಮನಸ್ಸು. ಓದಿದವರು ದಯವಿಟ್ಟು ಹೇಳಿ.

ಕುಮಟಾದಿಂದ: ಅಘನಾಶಿನಿ ಅಳಿವೆಯ ಬಳಚಿನ (ಕೆಸರಿನಲ್ಲಿ ಹೂತಿರುವ ಚಿಪ್ಪುಜೀವಿ) ಮೇಲೆ ಪಿಎಚ್.ಡಿ. ಮಾಡಿದವನು ನಾನು. ಇಳಿತ ನಸುಕಿನಲ್ಲಿದ್ದರೆ ನಸುಕಿನಲ್ಲೇ ಕೆಸರಿಗಿಳಿಯಬೇಕು. ಚೌಕಟ್ಟಿನೊಳಗಿನ ಮಣ್ಣು ಅಗೆದು, ಜರಡಿ ಹಿಡಿದು, ಸಿಕ್ಕಿದ್ದನ್ನು ಕೆಡದಂತೆ ಫಾರ್ಮಲಿನ್‌ಗೆ ಹಾಕಬೇಕು. ಅದೇನೂ ಕಷ್ಟವಲ್ಲ. ಕಷ್ಟವಿರುವುದು ಲೆಕ್ಕಪತ್ರದ ಮೇಜಿನಲ್ಲಿ. ದೋಣಿ ಬಾಡಿಗೆಗೆ ಜಿಎಸ್‌ಟಿ ಬಿಲ್ ತನ್ನಿ ಎಂದರು. ತದಡಿಯ ದೋಣಿಯವನು ಅದನ್ನು ಎಲ್ಲಿಂದ ತಂದುಕೊಡಬೇಕು? ಬಾಡಿಗೆ, ಡೀಸೆಲ್, ನೀರಿಗೆ ಬಿದ್ದ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಎಲ್ಲವೂ ನನ್ನ ಜೇಬಿನಿಂದಲೇ. ಶಿಷ್ಯವೇತನ ವರ್ಷಕ್ಕೊಮ್ಮೆ ಗಂಟಾಗಿ ಬರುತ್ತಿತ್ತು. ಅಷ್ಟರೊಳಗೆ ಹೆಂಡತಿಯ ಬಳೆ ಅಡವು ಸೇರಿರುತ್ತಿತ್ತು. 2024ರಲ್ಲಿ ಅಘನಾಶಿನಿಗೆ ರಾಮ್ಸಾರ್ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಪಟ್ಟ ಬಂತು, ನನಗೆ ಅತಿಥಿ ಉಪನ್ಯಾಸಕನ ಪಟ್ಟ.

ಗೋವಾದ ದೋನಾ ಪಾವ್ಲಾದಿಂದ, ಕೋಡಿಬಾಗದ ಹಳೆಯ ವಿದ್ಯಾರ್ಥಿನಿ: ಬಿಲ್ ಇಲ್ಲದೆ ಖರ್ಚು ಮಾಡಿ ಶಾಸ್ತ್ರವನ್ನೇ ದೂರಿದರೆ ಹೇಗೆ? ನಾನು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಪಡೆದೆ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಮುಂಗಾರಿನ ಕೊನೆಗೆ ಆಮ್ಲಜನಕ ಕಡಿಮೆಯಿರುವ ಆಳದ ನೀರು ನಮ್ಮ ಕರಾವಳಿಯತ್ತ ಏರಿ ಬರುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಅದರ ಆಮ್ಲಜನಕ ಅಳೆಯುವುದು ನನ್ನ ಕೆಲಸ. ಬಾಟಲಿಯಲ್ಲಿ ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಟ್ಟಿತು. ಹಡಗಿನಲ್ಲಿ ವಾಂತಿ ಮಾಡುತ್ತಲೇ ಬಾಟಲಿ ತುಂಬಿದ್ದೇನೆ. ಈಜು ನನಗೂ ಬಾರದು.

ಕುಮಟಾದಿಂದ: ಕೆಲಸ ಕಾಯಮ್ಮೋ, ಯೋಜನೆ ಮುಗಿಯುವವರೆಗೋ? ಅದನ್ನು ಮೊದಲು ಹೇಳಿ.

ದೋನಾ ಪಾವ್ಲಾದಿಂದ: ಯೋಜನೆಯದ್ದೇ. ನಿಮ್ಮ ಅತಿಥಿ ಗೌರವಧನಕ್ಕಿಂತ ಮೇಲು.

ಬೇಲೇಕೇರಿಯಿಂದ: ನಮ್ಮ ಮನೆಯದು ಟ್ರಾಲರ್, ಬಲೆ ಎಳೆದು ಮೀನು ಹಿಡಿಯುವ ಬೋಟ್. ನಾನು ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಇಲಾಖೆಯ ಹುದ್ದೆಗಳಿಗೆ ಆ ಪದವಿಗೇ ಬೆಲೆ. ಕಡಲ ಜೀವಶಾಸ್ತ್ರದವರು ನಮ್ಮ ಬೋಟ್ ಹತ್ತಿ, ನಮ್ಮ ಅನ್ನ ಉಂಡು, ಟ್ರಾಲ್ ಬಲೆ ಕಡಲ ತಳ ಕೆರೆಯುತ್ತದೆ ಎಂದು ವರದಿ ಬರೆದು ಹೋಗುತ್ತಾರೆ. ಮೀನುಗಾರಿಕೆ ನಿಷೇಧವೆಂದು ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಟ್ಟಿಹಾಕಿ ಕೂರುವವರು ನಾವು. ಬ್ಯಾಂಕಿನ ಬಡ್ಡಿಗೆ ರಜೆಯಿದೆಯೇ?

ಕುಮಟಾದಿಂದ: ಕೆರೆಯುವುದು ಸುಳ್ಳೇ? ದೀಪ ಉರಿಸಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆ 2017ರಲ್ಲೇ ನಿಷೇಧವಾಗಿದೆ. ಆಮೇಲೂ ರಾತ್ರಿ ಕಡಲು ಝಗಝಗಿಸುವುದು ಯಾರ ದೀಪದಿಂದ?

ಬೇಲೇಕೇರಿಯಿಂದ: ಅದನ್ನು ಪರ್ಸೀನ್‌ನವರನ್ನು (ಸುತ್ತುಬಲೆ ಬೀಸುವವರು) ಕೇಳಿ, ಮಾರಾಯರೇ. ಟ್ರಾಲರ್‌ಗೆ ಅಂಟಿಸಬೇಡಿ.

ಶಿರಸಿಯ ತಾಯಿ: ಕೋಡಿಬಾಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಹೇಗಿದೆ?

ಕುಮಟಾದಿಂದ: ಪರ್ಸೀನ್‌ನವರಿಗೆ ಜನರೇಟರ್ ಬಾಡಿಗೆಗೆ ಕೊಡುವವರು ಯಾರೆಂದು ನನಗೂ ಗೊತ್ತು.